ಕಣ್ಣಿಟ್ಟು ನೋಡಿದರೆ ವಶ ಆಗ್ತೀವಾ?

ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಸಮ್ಮೋಹನ ಮಾಡಿ ಬಂಗಾರ ಬಿಚ್ಚಿಸಿಕೊಳ್ತಾರೆ ಅನ್ನೋ ಮೆಸೇಜ್ ಆಗಾಗ ಬರುತ್ತದೆ. ಕಳಿಸುವವರದು ಕಾಳಜಿಯೇ. ಆದರೆ ಸಮ್ಮೋಹನ ಹಾಗೆ ಕೆಲಸ ಮಾಡುವುದಿಲ್ಲ.

ಅದು ನಿದ್ದೆಯಲ್ಲ, ಗಮನವೆಲ್ಲ ಒಂದೇ ಕಡೆ ನಿಲ್ಲುವ ಸ್ಥಿತಿ. ಹೊರಗಿನ ಆಟೋ ಹಾರ್ನ್ ಕೇಳಿಸುತ್ತಿರುತ್ತದೆ. ಬೇಡ ಅನಿಸಿದರೆ ಎದ್ದು ಬರಬಹುದು. ಸಮ್ಮೋಹನ ಚಿಕಿತ್ಸೆಗೆ ಹೋದರೆ ಮೊದಲು ಮಾತುಕತೆ, ನಿಮ್ಮ ಒಪ್ಪಿಗೆ. ಆಮೇಲೆ ಉಸಿರಿನ ಮೇಲೆ ಗಮನ, ಮೆಲುದನಿಯ ಸಲಹೆ. ನೋವು, ಆತಂಕ ಇರುವ ಕೆಲವರಿಗೆ ಉಪಯೋಗವಾಗುತ್ತದೆ, ಎಲ್ಲರಿಗೂ ಅಲ್ಲ. ಮರೆತದ್ದನ್ನು ನೆನಪಿಸಿಕೊಳ್ಳಲು ಮಾತ್ರ ಇದನ್ನು ನಂಬಬೇಡಿ. ಆಗದೇ ಇದ್ದದ್ದೂ ಆದಂತೆ ಅನಿಸಿಬಿಡಬಹುದು.

ಹಾಗಾದರೆ ಬಂಗಾರ ಹೋಗೋದು ಹೇಗೆ? ಹೆದರಿಕೆ, ಗಡಿಬಿಡಿ. "ಮುಂದ ಗಲಾಟೆ ಆಗ್ಯಾದ ಅಕ್ಕೋರೆ, ಬಳಿ ಬಿಚ್ಚಿ ಕಾಗದದಾಗ ಕಟ್ಟಿಕೊಳ್ರಿ" ಅಂತಾರೆ ಮೋಸಗಾರರು. ತಾವೇ ಕಟ್ಟಿಕೊಡುತ್ತಾರೆ. ಮನೆಗೆ ಬಂದು ಬಿಚ್ಚಿದರೆ ಒಳಗೆ ಕಲ್ಲು. ಇದು ಕೈಚಳಕ, ಹಳೇ ಮೋಸ.

ಮೆಸೇಜ್ ಬಂದಾಗ ತಾರೀಖು, ಠಾಣೆಯ ಹೆಸರು ಇದೆಯಾ ನೋಡಿ. ಅದರ ಒಂದು ಸಾಲನ್ನು ಗೂಗಲ್‌ನಲ್ಲಿ ಹುಡುಕಿ. ಅದೇ ಮಾತು ಬೀದರ್, ಯಾದಗಿರಿ ಹೆಸರಲ್ಲೂ ಸಿಕ್ಕರೆ ಊರಷ್ಟೇ ಬದಲಾಗಿದೆ ಅಂತ ಗೊತ್ತಾಗುತ್ತೆ, ಅಲ್ವಾ? ನಿಜವಾಗಿ ಮೋಸ ಆದರೆ ನಾಚಿಕೊಳ್ಳದೆ ತಕ್ಷಣ 112ಕ್ಕೆ ಫೋನ್ ಮಾಡಿ.