ಸತ್ಯಾಂಶ: ಸ್ಕ್ಯಾನ್ ನಾರ್ಮಲ್ ಬಂದರೆ ನೋವು ಸುಳ್ಳಾ?

ಬೆಂಗಳೂರಿನ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಒಂದು ಫಾರ್ವರ್ಡ್ ಓಡಾಡುತ್ತಿದೆ: "ಎಂಆರ್‌ಐ ನಾರ್ಮಲ್ ಇದ್ದರೆ ಬೆನ್ನುನೋವು ಬರೀ ಭ್ರಮೆ."

ಇದು ತಪ್ಪು. ಸ್ಕ್ಯಾನ್‌ನಲ್ಲಿ ಬೆನ್ನಿನ ಮೂಳೆ, ಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಕಾಣುತ್ತವೆ. ನೋವು ಕಾಣುವುದಿಲ್ಲ, ಅಲ್ವಾ?

ನರವಿಜ್ಞಾನಿ ಕ್ಲಿಫರ್ಡ್ ವೂಲ್ಫ್ ಲಂಡನ್ನಿನಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗ 1983ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಇಲಿಯ ಪಾದಕ್ಕೆ ಗಾಯವಾದ ಮೇಲೆ ಅದರ ಬೆನ್ನುಹುರಿಯೇ ಅತಿಯಾಗಿ ಸ್ಪಂದಿಸತೊಡಗಿತ್ತು. ಗಾಯದ ಜಾಗ ಮರಗಟ್ಟುವಂತೆ ಔಷಧಿ ಕೊಟ್ಟರೂ ಅದು ಪೂರ್ತಿ ಇಳಿಯಲಿಲ್ಲ. ರೇಡಿಯೋದ ವಾಲ್ಯೂಮ್ ಜಾಸ್ತಿ ಮಾಡಿ ಹಾಗೇ ಬಿಟ್ಟಂತೆ. ಆಗ ಮೆಲ್ಲಗೆ ಮುಟ್ಟಿದರೂ ನೋಯಬಹುದು. ಮುಂದೆ ಅಮೆರಿಕದ ಬೋಸ್ಟನ್‌ಗೆ ಹೋದ ಮೇಲೂ ವೂಲ್ಫ್ ದಶಕಗಟ್ಟಲೆ ನೋವಿನ ಬೆನ್ನು ಬಿಡಲಿಲ್ಲ.

ಉಲ್ಟಾನೂ ನಿಜ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2015ರ ವರದಿಯ ಪ್ರಕಾರ, ಬೆನ್ನುನೋವೇ ಇಲ್ಲದ 20 ವರ್ಷದವರಲ್ಲಿ ಶೇ 37, 80 ವರ್ಷದವರಲ್ಲಿ ಶೇ 96 ಮಂದಿಗೆ ಡಿಸ್ಕ್ ಸವೆದಿರುತ್ತದೆ!

ಫಾರ್ವರ್ಡ್ ಬರೆದವರಿಗೆ ಒಂದು ಎಳೆ ಸಿಕ್ಕಿರಬೇಕು. ನಿದ್ದೆ ಕೆಟ್ಟರೆ, ಆತಂಕವಿದ್ದರೆ ನೋವು ಜಾಸ್ತಿಯಾಗುವುದು ಹೌದು. ಹಾಗಂತ ಸೊಂಟ ಹಿಡಿದುಕೊಂಡು ಕೂತ ಅತ್ತೆಯೋ ಅಜ್ಜಿಯೋ ಸುಮ್ನೆ ನಾಟಕ ಆಡುತ್ತಿಲ್ಲ. ನೋವು ಮೂರು ತಿಂಗಳು ದಾಟಿದ್ದರೆ ನೋವಿನ ಚಿಕಿತ್ಸೆ ಗೊತ್ತಿರುವ ವೈದ್ಯರನ್ನು ಕಾಣಿ. ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.