ಒಳ್ಳೆ ಬಿಸಿಲು, ಊರು ಗೊತ್ತಿಲ್ಲ

ಮಾವನವರ ಫೋಟೋಗೆ ಕಟ್ಟು ಹಾಕಿಸಬೇಕು ಅಂತ ಹೆಂಡತಿ ಬಹಳ ದಿನದಿಂದ ಹೇಳುತ್ತಿದ್ದಳು. ಡಬ್ಲಿನ್‌ನಲ್ಲಿ ಹೊಸ ಕಟ್ಟು ಹಾಕಿಸುವ ಖರ್ಚು ಕೇಳಿದ್ದರೆ ಸ್ವತಃ ಮಾವನವರೇ ಬೇಡ ಅನ್ನುತ್ತಿದ್ದರು. ಹಾಗಾಗಿ ಹಳೇ ಸಾಮಾನಿನ ಅಂಗಡಿಯಿಂದ ಒಂದು ಮರದ ಫ್ರೇಮು ತಂದೆವು. ಒಳಗೆ ಹೂಕುಂಡದ ಚಿತ್ರವಿತ್ತು. ಹಿಂದಿನ ಮೊಳೆ ಕಿತ್ತು ಅದನ್ನು ತೆಗೆದರೆ ಕೆಳಗೆ ಇನ್ನೊಂದು. ಕಂದು ಬಣ್ಣಕ್ಕೆ ತಿರುಗಿದ ಹಳೇ ಫೋಟೋ. ಗೋಪುರದ ಹಾಗೆ ಚೂಪಾದ ಒಂದು ಗುಡ್ಡ. ಅದರ ಎಡಕ್ಕೆ ನೀರು. ಮುಂದೆ ಒಂದು ಗುಡಿಸಲು, ಒಂದು ಕಲ್ಲಿನ ಗೋಡೆ, ಗೋಡೆಗೆ ಒರಗಿ ನಿಂತ ಒಬ್ಬ ಮನುಷ್ಯ. ರಟ್ಟಿನ ಮೂಲೆಯಲ್ಲಿ ಸ್ಟುಡಿಯೋದ ಹೆಸರು ಹರಿದುಹೋಗಿ ಡಬ್ಲಿನ್ ಅನ್ನುವುದಷ್ಟೇ ಉಳಿದಿತ್ತು. ಹಿಂದೆ ಪೆನ್ಸಿಲಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಬರೆದಿದ್ದರು: ರಸ್ತೆಯಿಂದ ಪಶ್ಚಿಮಕ್ಕೆ ನೋಡಿದ್ದು. ಒಳ್ಳೆ ಬಿಸಿಲು.

ಯಾವ ರಸ್ತೆ ಮಾರಾಯ?

ಬರೆಯುವುದಕ್ಕೆ ಪೆನ್ಸಿಲ್ ಇತ್ತು. ಜಾಗವಿತ್ತು. ಪುರುಸೊತ್ತೂ ಇತ್ತು. ದಿಕ್ಕು ಬರೆದ, ಹವಾಮಾನ ಬರೆದ, ಊರ ಹೆಸರು ಮಾತ್ರ ಬರೆಯಲಿಲ್ಲ. ಈ ದೇಶದಲ್ಲಿ ಕೆಲವು ವರ್ಷ ಇದ್ದಮೇಲೆ ಬಿಸಿಲಿನ ವಿಷಯ ನನಗೆ ಅರ್ಥವಾಗುತ್ತದೆ. ಇಲ್ಲಿ ಊರು ಎಲ್ಲಿಗೂ ಹೋಗುವುದಿಲ್ಲ, ಬಿಸಿಲು ಹೋಗುತ್ತದೆ. ಆದರೂ ಸಿಟ್ಟು ಬಂತು. ಮಾವನವರನ್ನು ಪಕ್ಕಕ್ಕಿಟ್ಟು ಭೂತಗನ್ನಡಿ ಹುಡುಕಿದೆ.

ಮೊದಲು ಸುಲಭದ ದಾರಿ ಹಿಡಿದೆ. ಫೋನಿಗೆ ತೋರಿಸಿದೆ. ಅದು ಒಂದೇ ಉಸಿರಿಗೆ ಸ್ಕಾಟ್ಲೆಂಡ್ ಅಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರೆ ಅಷ್ಟೇ ಧೈರ್ಯವಾಗಿ ನಾರ್ವೆ ಅಂದಿತು. ಮನುಷ್ಯರು ಇದಕ್ಕಿಂತ ವಾಸಿ ಅಂದುಕೊಂಡು ಆಫೀಸಿನಲ್ಲಿ ತೋರಿಸಿದೆ. ಕೆರಿ ಜಿಲ್ಲೆಯಿಂದ ಬಂದವನು ಕೆರಿ ಅಂದ. ಡೊನೆಗಾಲ್‌ನವಳು, "ಇದು ಎರಿಗಲ್ ಬೆಟ್ಟ, ನಮ್ಮ ಅಜ್ಜಿ ಮನೆಯಿಂದ ಹೀಗೇ ಕಾಣುತ್ತೆ" ಅಂದಳು. ಪ್ರವಾಸಕ್ಕೆ ಹೋಗಿಬಂದವರೆಲ್ಲ ಪಶ್ಚಿಮ ಕರಾವಳಿಯ ಕಾನೆಮಾರಾ ಅಂದರು. ಕಾನೆಮಾರಾ ಅನ್ನುವುದು ಗೊತ್ತಿಲ್ಲ ಅನ್ನುವುದಕ್ಕೆ ಇಲ್ಲಿನವರು ಇಟ್ಟುಕೊಂಡಿರುವ ಮರ್ಯಾದೆಯ ಮಾತು ಅಂತ ನನಗೆ ಈಚೆಗೆ ಅನ್ನಿಸತೊಡಗಿದೆ.

ಕಷ್ಟ ಏನೆಂದರೆ ಐರ್ಲೆಂಡಿನಲ್ಲಿ ಚೂಪು ಗುಡ್ಡಗಳಿಗೆ ಬರವಿಲ್ಲ. ಡೊನೆಗಾಲ್‌ನಲ್ಲಿ ಎರಿಗಲ್, 751 ಮೀಟರ್. ಮೇಯೋದಲ್ಲಿ ಕ್ರೋ ಪ್ಯಾಟ್ರಿಕ್, 764. ಅಕಿಲ್ ದ್ವೀಪದಲ್ಲಿ ಸ್ಲೀವ್‌ಮೋರ್, 671. ಡಬ್ಲಿನ್‌ನ ಪಕ್ಕದಲ್ಲೇ ವಿಕ್ಲೋದಲ್ಲಿ ಗ್ರೇಟ್ ಶುಗರ್ ಲೋಫ್, 501. ಕಾರ್ಕ್ ಕಡೆ ಹೋದರೆ ಅಲ್ಲೂ ಒಂದು ಶುಗರ್ ಲೋಫ್. ಒಂದು ಮಗ್ಗುಲಿಂದ ನೋಡಿದರೆ ಎಲ್ಲವೂ ಒಂದೇ, ಇನ್ನೊಂದು ಮಗ್ಗುಲಿಂದ ನೋಡಿದರೆ ಅದದೇ ಗುಡ್ಡ ಗುರುತೇ ಸಿಗುವುದಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬರು ಮುದುಕರಿದ್ದಾರೆ. ಹುಟ್ಟಿದ್ದು ಮೇಯೋ. ಫೋಟೋವನ್ನು ಕೈಯಲ್ಲಿ ಹಿಡಿದವರೇ, "ಇದು ನಮ್ಮ ರೀಕ್" ಅಂದರು. ಕ್ರೋ ಪ್ಯಾಟ್ರಿಕ್‌ಗೆ ಆ ಕಡೆಯವರು ಕರೆಯುವ ಹೆಸರು ಅದು. ಜುಲೈ ಕೊನೆಯ ಭಾನುವಾರ ಸಾವಿರಾರು ಜನ ಹತ್ತುವ ಬೆಟ್ಟ, ಕೆಲವರು ಬರಿಗಾಲಲ್ಲಿ. ನಾನು ಭೂಪಟ ಬಿಡಿಸಿದೆ. ರೀಕ್ ಪಶ್ಚಿಮಕ್ಕೆ ಕಾಣಬೇಕಾದರೆ ನಾವು ವೆಸ್ಟ್‌ಪೋರ್ಟ್ ಕಡೆ ನಿಂತಿರಬೇಕು. ಆಗ ಕ್ಲೂ ಕೊಲ್ಲಿಯ ನೀರು ಬಲಕ್ಕೆ ಬರಬೇಕು. ಇಲ್ಲಿ ಎಡಕ್ಕಿದೆ.

"ಹಾಗಾದ್ರೆ ಫೋಟೋ ತಿರುಗಿದೆ" ಅಂದರು ಮುದುಕರು. ಮೇಯೋ ತಪ್ಪಿರಬಹುದು ಅನ್ನುವ ಯೋಚನೆ ಅವರ ಹತ್ತಿರವೂ ಸುಳಿಯಲಿಲ್ಲ.

ಹೇಳಿದ್ದು ಹಟಕ್ಕಾದರೂ ಮಾತು ಸುಳ್ಳಲ್ಲ. ಗಾಜಿನ ನೆಗೆಟಿವ್ ಉಲ್ಟಾ ಇಟ್ಟು ಪ್ರಿಂಟ್ ಹಾಕಿದರೆ ಎಡ ಬಲ ಅದಲು ಬದಲು. ಪತ್ತೆ ಮಾಡುವುದಕ್ಕೆ ಕೋಟಿನ ಗುಂಡಿ ನೋಡಬೇಕು. ಗಂಡಸರ ಕೋಟಿನಲ್ಲಿ ಎಡಭಾಗ ಮೇಲೆ ಬರುತ್ತದೆ, ಗುಂಡಿ ಅವನ ಬಲಗಡೆ ಇರುತ್ತದೆ. ನಮ್ಮ ಗೋಡೆಯ ಮನುಷ್ಯನ ಮೇಲೆ ಭೂತಗನ್ನಡಿ ಇಟ್ಟೆ. ಟೊಪ್ಪಿ ಕಂಡಿತು, ಮೀಸೆ ಕಂಡಿತು, ಬೂಟಿನ ಕೆಸರೂ ಕಂಡಿತು. ಪುಣ್ಯಾತ್ಮ ಕೈಕಟ್ಟಿ ನಿಂತಿದ್ದಾನೆ. ಗುಂಡಿಗಳೆಲ್ಲ ಆ ಕೈಗಳ ಹಿಂದೆ.

ನೆರಳು ನೋಡೋಣ ಅಂದೆ. ಬೆಂಗಳೂರಲ್ಲಾದರೆ ವರ್ಷಕ್ಕೆ ಎರಡು ಸಲ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬಂದು ನೆರಳು ಕಾಲಡಿಗೆ ಸೇರಿಬಿಡುತ್ತದೆ. ಐರ್ಲೆಂಡಿನಲ್ಲಿ ಆ ಭಾಗ್ಯ ಎಂದೂ ಇಲ್ಲ. ಮಧ್ಯಾಹ್ನದ ನೆರಳು ಯಾವಾಗಲೂ ಉತ್ತರಕ್ಕೇ. ಪಶ್ಚಿಮಕ್ಕೆ ಮುಖ ಮಾಡಿದರೆ ಉತ್ತರ ಬಲಕ್ಕೆ. ಫೋಟೋದಲ್ಲಿ ನೆರಳು ಎಡಕ್ಕೆ ಬಿದ್ದಿದೆ. ಅಂದರೆ ತಿರುಗಿದೆ! ಮುದುಕರು ಮೇಜು ಕುಟ್ಟಿದರು. ಆದರೆ ಜೂನ್ ತಿಂಗಳಲ್ಲಿ ಮೇಯೋ ಕಡೆ ರಾತ್ರಿ ಹತ್ತರವರೆಗೂ ಸೂರ್ಯ ಇರುತ್ತಾನೆ. ಮುಳುಗುವುದು ವಾಯವ್ಯದಲ್ಲಿ. ಆ ಹೊತ್ತಿಗೆ ತೆಗೆದಿದ್ದರೆ ನೆರಳು ತಿರುಗಿಸದೆಯೂ ಎಡಕ್ಕೇ ಬೀಳುತ್ತದೆ. ಇದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು.

"ಲಾರೆನ್ಸ್ ನೋಡು" ಅಂದರು. ಹಳೇ ಐರಿಶ್ ಫೋಟೋ ಅಂದರೆ ಎಲ್ಲರೂ ಹೇಳುವ ಹೆಸರು. ನೋಡಿದೆ. ಒಂದು ಸಂಜೆ ಪೂರ್ತಿ ಅಲ್ಲೇ ಹೋಯಿತು, ಗುಡ್ಡ ಮರೆತೇಹೋಯಿತು.

ವಿಲಿಯಂ ಲಾರೆನ್ಸ್ ಫೋಟೋ ತೆಗೆಯುವವನೇ ಅಲ್ಲ, ವ್ಯಾಪಾರಿ. ಡಬ್ಲಿನ್‌ನ ಸ್ಯಾಕ್‌ವಿಲ್ ಸ್ಟ್ರೀಟಿನಲ್ಲಿ, ದೊಡ್ಡ ಅಂಚೆ ಕಚೇರಿಯ ಎದುರು, ತಾಯಿಯ ಆಟದ ಸಾಮಾನಿನ ಅಂಗಡಿಯಲ್ಲೇ 1865ರಲ್ಲಿ ಸ್ಟುಡಿಯೋ ತೆರೆದ. ಊರೂರು ತಿರುಗಿ ಫೋಟೋ ತೆಗೆಯುವುದಕ್ಕೆ ಬೇರೆಯವರಿದ್ದರು. ಅವರಲ್ಲಿ ಮುಖ್ಯನಾದವನು ರಾಬರ್ಟ್ ಫ್ರೆಂಚ್, ಮೊದಲು ಪೊಲೀಸಿನಲ್ಲಿದ್ದವನು. ಆತ 1914ರವರೆಗೆ ಗಾಜಿನ ಫಲಕಗಳ ಪೆಟ್ಟಿಗೆ ಹೊತ್ತು ಈ ದ್ವೀಪದ ಬೀದಿ, ಸೇತುವೆ, ಕಡಲ ದಂಡೆ ಒಂದನ್ನೂ ಬಿಡಲಿಲ್ಲ. ಹೆಸರೆಲ್ಲ ಯಜಮಾನನದ್ದು, ಕಾಲುನೋವೆಲ್ಲ ಫ್ರೆಂಚನದ್ದು. ಇದು ಯಾವ ದೇಶದಲ್ಲಾದರೂ ಇದ್ದದ್ದೇ ಬಿಡಿ.

1916ರ ಈಸ್ಟರ್ ಸೋಮವಾರ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಬಂಡಾಯಗಾರರು ಎದುರಿನ ಅಂಚೆ ಕಚೇರಿಯನ್ನೇ ಹಿಡಿದರು. ಗಣರಾಜ್ಯದ ಘೋಷಣೆ ಓದಿದರು. ಪೊಲೀಸರು ಬೀದಿಯಿಂದ ಮಾಯವಾದರು. ಬಡ ಓಣಿಗಳ ಜನಕ್ಕೆ ಘೋಷಣೆಗಿಂತ ಮೊದಲು ತಿಳಿದದ್ದು ಅಂಗಡಿಗಳಿಗೆ ಕಾವಲಿಲ್ಲ ಅನ್ನುವುದು. ಮಿಠಾಯಿ ಅಂಗಡಿ ಹೋಯಿತು, ಬೂಟಿನ ಅಂಗಡಿ ಹೋಯಿತು. ಮಕ್ಕಳು ಲಾರೆನ್ಸ್ ಅಂಗಡಿಗೆ ನುಗ್ಗಿದರು. ಯೋಚಿಸಿ. ಹುಟ್ಟಿದಾಗಿನಿಂದ ಗಾಜಿನ ಆಚೆಗಷ್ಟೇ ನೋಡಿದ್ದ ಆಟಿಕೆಗಳು, ಇವತ್ತು ಬೇಡ ಅನ್ನುವವರೇ ಇಲ್ಲ! ಅಲ್ಲಿ ಪಟಾಕಿ ದಾಸ್ತಾನೂ ಇತ್ತು. ಅದನ್ನೆಲ್ಲ ಬೀದಿಗೆ ತಂದು ರಾಶಿ ಹಾಕಿ ಬೆಂಕಿ ಕೊಟ್ಟರು. ಒಂದು ಕಡೆ ನಿಜವಾದ ಗುಂಡು ಹಾರುತ್ತಿದೆ, ಇನ್ನೊಂದು ಕಡೆ ಬಾಣ, ಚಕ್ರ, ಬಣ್ಣಬಣ್ಣದ ಕಿಡಿ. ಆ ವಾರದ ಬಗ್ಗೆ ಓದುವಾಗ ಹುತಾತ್ಮರ ವಿಚಾರ ಬಂದಷ್ಟು ಈ ಮಕ್ಕಳ ವಿಚಾರ ಬರುವುದಿಲ್ಲ. ನನಗೋ ಆ ಮಕ್ಕಳ ಮೇಲೇ ಕಣ್ಣು. ಮನೆಗೆ ಏನು ಒಯ್ದರು? ಅಮ್ಮಂದಿರು ಬೈದರಾ, ಒಳಗಿಟ್ಟುಕೊಂಡರಾ?

ಸ್ಟುಡಿಯೋದಲ್ಲಿದ್ದ ಭಾವಚಿತ್ರಗಳ ನೆಗೆಟಿವ್‌ಗಳು ಆ ಗಲಾಟೆಯಲ್ಲಿ ನಾಶವಾದವು. ಹೊಸ ಕೋಟು ತೊಟ್ಟು, ಮೀಸೆ ತಿದ್ದಿ, ಅಲುಗಾಡದೆ ಕೂತು ತೆಗೆಸಿಕೊಂಡ ಡಬ್ಲಿನ್‌ನ ದೊಡ್ಡ ಮನುಷ್ಯರೆಲ್ಲ ಹೋದರು. ಊರು, ಗುಡ್ಡ, ಕೆರೆಗಳ ಫಲಕಗಳು ಬೇರೆ ಕಡೆ, ರಾತ್‌ಮೈನ್ಸ್‌ನಲ್ಲಿ ಇದ್ದದ್ದರಿಂದ ಉಳಿದುಕೊಂಡವು. ಸುಮಾರು 40,000 ಫಲಕ. 1943ರಲ್ಲಿ ರಾಷ್ಟ್ರೀಯ ಗ್ರಂಥಾಲಯ ಅವನ್ನೆಲ್ಲ 300 ಪೌಂಡಿಗೆ ಕೊಂಡಿತು. ಆಗಿನ ಲೆಕ್ಕದಲ್ಲಿ ಒಂದು ಫಲಕಕ್ಕೆ ಎರಡು ಪೆನ್ನಿಯೂ ಬೀಳಲಿಲ್ಲ. ಅವುಗಳಲ್ಲಿ ಹೆಚ್ಚಿನವಕ್ಕೆ ನಂಬರಿದೆ, ಊರ ಹೆಸರಿದೆ. ಫ್ರೆಂಚ್ ಪೊಲೀಸಿನವನಲ್ಲವೇ, ಶಿಸ್ತು. ನನ್ನ ಪೆನ್ಸಿಲ್ ಮಹಾಶಯನ ಹಾಗೆ ಬಿಸಿಲಿನ ವರದಿ ಬರೆದು ಕೈತೊಳೆದುಕೊಳ್ಳಲಿಲ್ಲ.

ಲಾರೆನ್ಸ್ ಸಂಗ್ರಹದಲ್ಲಿ ನಮ್ಮ ಗುಡ್ಡದ ಜೋಡಿ ಸಿಗಲಿಲ್ಲ. ಆದರೆ ನೋಡ್ತಾ ನೋಡ್ತಾ ಕಣ್ಣು ಸ್ವಲ್ಪ ಪಳಗಿತು. ಹಳೇ ಫಲಕಗಳಿಗೆ ನೀಲಿ ಬಣ್ಣದ ಮೇಲೆ ಅತಿಯಾದ ಮೋಹ. ಆಕಾಶದ ನೀಲಿಯೆಲ್ಲ ಬರೀ ಬಿಳಿಯಾಗಿ ಬರುತ್ತಿತ್ತು. ಹಾಗಾಗಿ ಬೇರೆ ಯಾವತ್ತೋ ತೆಗೆದ ಮೋಡವನ್ನು ತಂದು ಸೇರಿಸುತ್ತಿದ್ದರು. ದೂರದ ಬೆಟ್ಟಗಳು ಮಬ್ಬಿನಲ್ಲಿ ಅಳಿಸಿಯೇ ಹೋಗುತ್ತಿದ್ದವು. ಆದ್ದರಿಂದ ಫೋಟೋದಲ್ಲಿರುವ ಮೋಡ ಅಲ್ಲಿ ಇದ್ದಿರಲಿಕ್ಕಿಲ್ಲ, ಇಲ್ಲದ ಬೆಟ್ಟ ಅಲ್ಲೇ ಇದ್ದಿರಬಹುದು. ಇಂಥ ಸಾಕ್ಷಿ ಕಟ್ಟಿಕೊಂಡು ಯಾವ ಕೋರ್ಟಿಗೆ ಹೋಗುವುದು?

ಒಂದು ಸಾಕ್ಷಿ ಮಾತ್ರ ಗಟ್ಟಿ ಅನ್ನಿಸಿತು. ಗುಡಿಸಲಿನ ಹುಲ್ಲಿನ ಮಾಡಿನ ಮೇಲೆ ಹಗ್ಗಗಳನ್ನು ಅಡ್ಡಡ್ಡ ಬಿಗಿದು ತುದಿಗೆ ಕಲ್ಲು ಕಟ್ಟಿದ್ದಾರೆ. ಅಟ್ಲಾಂಟಿಕ್ ಗಾಳಿಗೆ ಮಾಡು ಹಾರಿಹೋಗದಿರಲಿ ಅಂತ. ಇದು ಪಶ್ಚಿಮ, ಉತ್ತರ ಕರಾವಳಿಯವರ ಪದ್ಧತಿ. ವಿಕ್ಲೋದ ಶುಗರ್ ಲೋಫನ್ನು ಪಟ್ಟಿಯಿಂದ ತೆಗೆದೆ. ಬೆಟ್ಟದ ತುದಿಯಲ್ಲಿ ಒಂದು ಚುಕ್ಕೆಯೂ ಇದೆ. ರೀಕ್‌ನ ತುದಿಯಲ್ಲಿ 1905ರಲ್ಲಿ ಒಂದು ಚಿಕ್ಕ ಪ್ರಾರ್ಥನಾ ಮಂದಿರ ಕಟ್ಟಿದರು. ಇದು ಅದೇ ಅಂತ ಮುದುಕರು. ನೊಣದ ಹಿಕ್ಕೆ ಅಂತ ನನ್ನ ಹೆಂಡತಿ.

ಹಳೇ ಸರ್ವೆ ನಕ್ಷೆಗಳನ್ನೂ ಬಿಡಲಿಲ್ಲ. ಒಂದು ಕೈ ಇಲ್ಲದ ಥಾಮಸ್ ಕೋಲ್ಬಿ ಅನ್ನುವ ಅಧಿಕಾರಿ 1824ರಿಂದ ಇಡೀ ಐರ್ಲೆಂಡನ್ನು ಮೈಲಿಗೆ ಆರು ಇಂಚಿನ ಲೆಕ್ಕದಲ್ಲಿ ಅಳೆಸಿದ. ಬಿಸಿಲಿಗೆ ಉದ್ದ ಬದಲಾಗದಿರಲಿ ಅಂತ ಕಬ್ಬಿಣ ಹಿತ್ತಾಳೆ ಜೋಡಿಸಿ ಅವನು ಮಾಡಿಸಿದ ಅಳತೆಯ ಪಟ್ಟಿಗಳು ಆಮೇಲೆ ಭಾರತಕ್ಕೂ ಬಂದವು. ಬೀದರಿನಲ್ಲೂ, 1868ರಲ್ಲಿ ಬೆಂಗಳೂರಲ್ಲೂ ಸರ್ವೆಯ ಮೂಲರೇಖೆ, ಅಂದರೆ ಉಳಿದ ಅಳತೆಗಳಿಗೆಲ್ಲ ಆಧಾರವಾಗುವ ಗೆರೆ, ಅಳೆದದ್ದು ಅಂಥ ಪಟ್ಟಿಗಳಿಂದಲೇ. ಇದನ್ನು ಮನೆಯಲ್ಲಿ ಉತ್ಸಾಹದಿಂದ ಹೇಳಿದೆ. "ಅಪ್ಪನ ಫೋಟೋ ಇನ್ನೂ ಕವರಿನಲ್ಲೇ ಇದೆ ಕಣ್ರೀ" ಅನ್ನುವ ಉತ್ತರ ಬಂತು. ನಕ್ಷೆಯೇನೋ ಚೆನ್ನಾಗಿದೆ. ಮನೆ, ಗೋಡೆ, ಬಾವಿ ಎಲ್ಲ ಇದೆ. ಆದರೆ ಐರ್ಲೆಂಡಿನಲ್ಲಿ ಟೌನ್‌ಲ್ಯಾಂಡ್ ಅನ್ನುವ ಪುಟ್ಟ ಹಳ್ಳಿ ಭಾಗಗಳೇ 60,000ಕ್ಕೂ ಜಾಸ್ತಿ. ನಮ್ಮ ತಾಲೂಕಿಗೊಂದು ಹೊಸಹಳ್ಳಿ ಇರುವ ಹಾಗೆ ಇಲ್ಲಿ ಎಲ್ಲಿ ಬೆರಳಿಟ್ಟರೂ ಒಂದು ನ್ಯೂಟೌನ್, ಒಂದು ಕಿಲ್‌ಮೋರ್. ಪೆನ್ಸಿಲಿನವನು ಊರ ಹೆಸರು ಬರೆದಿದ್ದರೂ ಏನೂ ಹರಿಯುತ್ತಿರಲಿಲ್ಲವೇನೋ. ಹಾಗಂತ ಅವನನ್ನು ಬಿಟ್ಟುಬಿಡುವ ಮನಸ್ಸಂತೂ ನನಗಿಲ್ಲ.

ಕೊನೆಗೆ ಒಂದು ರಜೆಯಲ್ಲಿ ವೆಸ್ಟ್‌ಪೋರ್ಟಿಗೆ ಹೋದೆವು. ಡಬ್ಲಿನ್‌ನಿಂದ ಮೂರು ಗಂಟೆಗೂ ಜಾಸ್ತಿ ದಾರಿ. ಮುದುಕರೂ ಬಂದರು, ಹಿಂದಿನ ಸೀಟಿನಲ್ಲಿ ಫೋಟೋವನ್ನು ಮಗುವಿನ ಹಾಗೆ ಹಿಡಿದುಕೊಂಡು. ರೀಕ್‌ಗೆ ಸೊಂಟದವರೆಗೆ ಮೋಡ. ಕೊಲ್ಲಿ ಬಲಕ್ಕಿತ್ತು, ಅಷ್ಟು ಸರಿ. ಫೋಟೋ ತೆಗೆದವನು ಇಲ್ಲೇ ನಿಂತಿರಬೇಕು ಅಂತ ನಾವು ಲೆಕ್ಕ ಹಾಕಿದ್ದ ಜಾಗದಲ್ಲಿ ಸಿಟ್ಕಾ ಸ್ಪ್ರೂಸ್ ಮರಗಳ ತೋಪು. ನೂರು ವರ್ಷದ ಹಿಂದೆ ಈ ದೇಶದಲ್ಲಿ ಕಾಡೇ ಇರಲಿಲ್ಲ ಅನ್ನಬಹುದು, ಈಗ ಶೇಕಡಾ 11ರಷ್ಟಿದೆ. ಒಳ್ಳೆಯದೇ. ಆದರೆ ಸರಿಯಾಗಿ ಅಲ್ಲೇ ನೆಡಬೇಕಿತ್ತಾ?

ನಾವು ಗೇಟಿನ ಹತ್ತಿರ ಸುಳಿದಾಡುವುದನ್ನು ಕಂಡು ಒಬ್ಬ ರೈತ ಟ್ರ್ಯಾಕ್ಟರ್ ನಿಲ್ಲಿಸಿದ. ಫೋಟೋ ಕೊಟ್ಟೆವು. ಬೆಟ್ಟವನ್ನು ನೋಡಲೇ ಇಲ್ಲ. ನೀರನ್ನೂ ನೋಡಲಿಲ್ಲ. ಕಣ್ಣು ನೇರ ಗೋಡೆಗೆ ಹೋಯಿತು. ಹೆಬ್ಬೆರಳಿನಿಂದ ಕಲ್ಲುಗಳನ್ನು ಒಂದೊಂದಾಗಿ ಸವರಿದ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ ಗೋಡೆ, ಅಲ್ಲಲ್ಲಿ ಆಚೆಯ ಬೆಳಕು ಕಾಣುವಷ್ಟು ಸಂದು.

"ಬೆಟ್ಟ ನಮ್ಮದಿದ್ದರೂ ಇರಬಹುದು" ಅಂದ. "ಈ ಗೋಡೆ ನಮ್ಮವರು ಕಟ್ಟಿದ್ದಲ್ಲ. ಇಷ್ಟು ಕೆಟ್ಟದಾಗಿ ನಮ್ಮ ಕಡೆ ಯಾರೂ ಕಟ್ಟಲ್ಲ. ಪಕ್ಕದ ಗಾಲ್ವೇ ಜಿಲ್ಲೆ ಕಡೆ ವಿಚಾರಿಸಿ."

ಮುದುಕರಿಗೆ ಸಂಕಟ. ಫೋಟೋದ ಬೆಟ್ಟ ಮೇಯೋದ್ದು ಅನ್ನಬೇಕಾದರೆ ಆ ಗೋಡೆಯೂ ಮೇಯೋದ್ದೇ ಅಂತ ಒಪ್ಪಬೇಕು. ಸ್ವಲ್ಪ ಹೊತ್ತು ಯೋಚಿಸಿ, ಗಾಲ್ವೇಯಿಂದ ಯಾರೋ ಕೂಲಿಗೆ ಬಂದು ಕಟ್ಟಿರಬೇಕು ಅಂದರು. ರೈತನಿಗೆ ಅದು ಹಿಡಿಸಿತು. ಇಬ್ಬರೂ ಗೇಟಿಗೆ ಒರಗಿ ಗಾಲ್ವೇಯವರ ಕೆಲಸದ ಬಗ್ಗೆ ಮಾತಿಗೆ ನಿಂತರು. ಗಾಲ್ವೇ ಇಲ್ಲಿಂದ ಎಷ್ಟು ದೂರ ಆಗುತ್ತೆ ಅಂತ ನಾನು ಸುಮ್ನೆ ಕೇಳಿದೆ. ಹೆಂಡತಿ ಕಾರಿನ ಗಾಜು ಏರಿಸಿದಳು.