ಕಟ್ಟೆ ತುಂಬಿದೆ, ಟ್ಯಾಂಕು ಖಾಲಿ

ಕನ್ನಂಬಾಡಿ ಕಟ್ಟೆಯಲ್ಲಿ ಇವತ್ತು ಎಷ್ಟಡಿ ನೀರಿದೆ ಅಂತ ಮಂಡ್ಯದಲ್ಲಿ ಯಾರನ್ನು ಕೇಳಿದರೂ ಪಾಯಿಂಟಿನ ಸಮೇತ ಹೇಳುತ್ತಾರೆ. ತುಂಬಿದರೆ 124.80 ಅಡಿ, ಅದಂತೂ ಮಕ್ಕಳಿಗೂ ಬಾಯಿಪಾಠ. ಅದೇ ಮಹಾಶಯರನ್ನು 'ನಿಮ್ಮನೆ ಸಂಪಿನಲ್ಲಿ ಎಷ್ಟಿದೆ ಸ್ವಾಮಿ?' ಅನ್ನಿ. ಆಕಾಶ ನೋಡುತ್ತಾರೆ.

ಹಾಗಾಗಿ ತಲೆಗೆ ಶಾಂಪೂ ಹಚ್ಚಿದ ಮೇಲೆ ನಲ್ಲಿ 'ಕೊರ್ರ್' ಅಂದರೆ ಮೊದಲ ಬೈಗುಳ ನೀರು ಬಿಡುವವನಿಗೆ, ಎರಡನೆಯದು ಕರೆಂಟಿಗೆ, ಮೂರನೆಯದು ಮೋಟರು ಹಾಕದ ಮನೆಮಂದಿಗೆ. ಸಂಪಿನ ಮುಚ್ಚಳ ಎತ್ತುವ ಸರದಿ ಬರುವಷ್ಟರಲ್ಲಿ ನೊರೆ ಒಣಗಿರುತ್ತದೆ.

ಮೋಟರು ಮಾತಾಡುತ್ತದೆ, ಕಿವಿ ಕೊಡಬೇಕು ಅಷ್ಟೆ. 'ಗುಂಯ್' ಅಂತ ನರಳಿ ತಿರುಗದಿದ್ದರೆ ತಕ್ಷಣ ಆಫ್ ಮಾಡಿ, ಕಾಯಿಲ್ ಸುಡುತ್ತದೆ. ಮೋಟರಿಗೆ ಮೊದಲ ತಳ್ಳು ಕೊಡುವ ಕೆಪಾಸಿಟರ್ ಹೋಗಿರಬೇಕು, ಇಲ್ಲಾ ದಸರಾ ರಜೆಗೆ ಊರಿಗೆ ಹೋಗಿದ್ದಾಗ ಒಳಗೆ ತುಕ್ಕು ಹಿಡಿದು ಕಚ್ಚಿಕೊಂಡಿರಬೇಕು. ಕೆಪಾಸಿಟರ್ ಎಲೆಕ್ಟ್ರೀಷಿಯನ್ ಪಾಲಿಗೆ ಬಿಡಿ, ಅದು ಆಫ್ ಆದ ಮೇಲೂ ಹೊಡೆಯುತ್ತದೆ.

ಸರಾಗವಾಗಿ ತಿರುಗಿಯೂ ನೀರು ಏರದಿದ್ದರೆ ಅನುಮಾನ ಫುಟ್‌ವಾಲ್ವಿನ ಮೇಲೆ. ಸಂಪಿನೊಳಗಿನ ಪೈಪಿನ ತುದಿಯಲ್ಲಿ ಜಾಲರಿ, ಅದರ ಮೇಲೊಂದು ನಾಲಿಗೆ. ಮೋಟರು ನಿಂತಾಗ ಈ ನಾಲಿಗೆ ಮುಚ್ಚಿಕೊಂಡು ಪೈಪಿನ ನೀರನ್ನು ಹಿಡಿದಿಡಬೇಕು. ಒಂದು ಎಳೆ ತೆಂಗಿನ ನಾರು ಸಿಕ್ಕಿಕೊಂಡರೂ ಸಾಕು, ರಾತ್ರಿಯೆಲ್ಲ ನೀರು ಇಳಿದು ಪೈಪಿಗೆ ಗಾಳಿ ತುಂಬುತ್ತದೆ. ಗಾಳಿಯನ್ನು ಎಳೆಯುವ ವಿದ್ಯೆ ಈ ಪಂಪಿಗೆ ಗೊತ್ತಿಲ್ಲ. ಸಂಪಿನ ಮುಚ್ಚಳ ಸರಿಯಾಗಿ ಮುಚ್ಚದವರು ಯಾರು ಅನ್ನುವ ಪ್ರಶ್ನೆಗೆ ಮನೆಯಲ್ಲಿ ಇದ್ದಕ್ಕಿದ್ದಂತೆ ಮೌನ.

ಸ್ವಿಚ್ ಆಫ್ ಮಾಡಿ, ಪಂಪಿನ ನೆತ್ತಿಯ ಬಿರಡೆಯನ್ನು ಸ್ಪ್ಯಾನರಿನಿಂದ ಬಿಚ್ಚಿ, ಚೊಂಬಿನಲ್ಲಿ ನಿಧಾನವಾಗಿ ನೀರು ಹೊಯ್ಯಿರಿ. ಗುಳ್ಳೆ ನಿಂತು ನೀರು ಅಂಚಿಗೆ ಬಂದು ನಿಂತರೆ ನಾಲಿಗೆ ಸರಿಯಿದೆ; ಬಿರಡೆ ಬಿಗಿದು ಮೋಟರು ಹಾಕಿ. ಹೊಯ್ದಷ್ಟೂ ಇಳಿಯುತ್ತಲೇ ಇದ್ದರೆ ಪೈಪು ಮೇಲೆತ್ತಿ ಜಾಲರಿ ತೊಳೆಯಬೇಕು. ಮತ್ತೆ ಇಳಿಬಿಡುವಾಗ ಸಂಪಿನ ತಳಕ್ಕಿಂತ ಅರ್ಧ ಅಡಿಯಾದರೂ ಮೇಲಿರಲಿ, ಇಲ್ಲದಿದ್ದರೆ ಕೆಸರೂ ಏರುತ್ತದೆ. 'ಇನ್ನೊಂದು ಹತ್ತು ನಿಮಿಷ ಓಡಲಿ, ತಾನೇ ಎಳೆಯುತ್ತೆ' ಅನ್ನುವ ಆಶಾವಾದ ಮಾತ್ರ ಬೇಡ. ನೀರು ಹೊರಗೆ ಸೋರದಂತೆ ತಡೆಯುವ ಪಂಪಿನ ಸೀಲಿಗೆ ನೀರೇ ಎಣ್ಣೆ, ನೀರೇ ಬೀಸಣಿಗೆ. ಒಣಗಿ ಓಡಿದರೆ ಅದು ಸುಟ್ಟು, ಆಮೇಲೆ ನೀರು ಟ್ಯಾಂಕಿನ ಬದಲು ಮೋಟರಿನ ಬುಡದಲ್ಲಿ ಬರುತ್ತದೆ.

ಕಷ್ಟಪಟ್ಟು ಏರಿಸಿದ ನೀರು ನಲ್ಲಿಯಲ್ಲಿ ತೊಟ್ಟಿಕ್ಕುವುದು ಇನ್ನೊಂದು ಕಥೆ. ಸೆಕೆಂಡಿಗೊಂದು ಹನಿಯಾದರೆ ದಿನಕ್ಕೆ 86,400 ಹನಿ, ಹೆಚ್ಚುಕಡಿಮೆ ನಾಲ್ಕು ಲೀಟರು. ಅದಕ್ಕೆ ನಮ್ಮ ಪರಿಹಾರ, ಕಡಲೆಕಾಯಿ ಎಣ್ಣೆ ಹಿಂಡುವವರಂತೆ ನಲ್ಲಿಯನ್ನು ತಿರುಚುವುದು. ಸವೆದ ವಾಷರ್ ಅದರಿಂದ ಇನ್ನಷ್ಟು ಸೀಳುತ್ತದೆ. ಟ್ಯಾಂಕಿನ ಗೇಟ್‌ವಾಲ್ವ್ ಮುಚ್ಚಿ, ನಲ್ಲಿಯ ತಲೆ ಬಿಚ್ಚಿ, ಹಳೇ ವಾಷರನ್ನೇ ಅಂಗಡಿಗೆ ಒಯ್ದು ಅದರ ಜೋಡಿ ತನ್ನಿ. 'ಇಷ್ಟು ದಪ್ಪ ಇತ್ತು' ಅಂತ ಬೆರಳಲ್ಲಿ ತೋರಿಸಿದವರು ಎರಡು ಸಲ ಹೋಗಿಬರುತ್ತಾರೆ.

ಇನ್ನೆರಡು ಹೆಚ್ಚಿಗೆ ತಂದು ಒಂದು ಡಬ್ಬಿಯಲ್ಲಿಡಿ. ಡಬ್ಬಿ ಎಲ್ಲಿಟ್ಟಿರಿ ಅಂತಲೂ ನೆನಪಿಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದಿನ ಸಲ ಮನೆಯಲ್ಲಿ ಕೇಳುವ ಮೊದಲ ಕೂಗು: 'ನನ್ನ ವಾಷರ್ ಯಾರು ತೆಗೆದದ್ದು?'